ಶನಿವಾರ ಪ್ರಜ್ಞಾ ಬರುತ್ತಾಳೆ

ಬೈಲಹೊಂಗಲ
ಮಂಗಳವಾರ, 18 ನವೆಂಬರ್ 2025

ಅತ್ತೀ, ನಿಮಗೆ ಮಧು ಮಾಡುವ ಶರಣು.

ಕೋರ್ಟಿನ ತೀರ್ಪು ಬಂದ ಮೇಲೂ ಇವಳು ಅತ್ತೀ ಎಂದೇ ಬರೆಯುತ್ತಾಳಲ್ಲ ಎಂದು ಹುಬ್ಬೇರಿಸಬೇಡಿ. ಆ ತೀರ್ಪಿನ ಕಾಗದವನ್ನು ನಾನು ಪೂರ್ತಿ ಓದಿದ್ದೇನೆ. ಅದರಲ್ಲಿ ನಿಮ್ಮ ಮಗನ ಹೆಸರಿದೆ, ನನ್ನ ಹೆಸರಿದೆ, ನಮ್ಮಿಬ್ಬರ ಮಗಳೆಂದು ಪ್ರಜ್ಞಾಳ ಹೆಸರೂ ಇದೆ. ಚನ್ನವ್ವ ಎಂಬ ನಿಮ್ಮ ಹೆಸರು ಎಲ್ಲಿಯೂ ಇಲ್ಲ. ಹಾಗಾಗಿ ನಿಮಗೂ ನನಗೂ ಯಾವ ಬಿಡುಗಡೆಯೂ ಆಗಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಫೋನಿನ ಸಂಗತಿ ನಿಮಗೇ ಗೊತ್ತು. ಸರಿಯಾಗಿ ಕೇಳುವುದಿಲ್ಲವೆಂದು ಸ್ಪೀಕರ್ ಹಚ್ಚಿ ಕಟ್ಟೆಯ ಮೇಲೆ ಇಡುತ್ತೀರಿ, ನಾನು ಒಂದು ಮಾತು ಕೇಳಿದರೆ ಪಕ್ಕದ ಮನೆಯಿಂದ ಹಣಮಂತಪ್ಪ ಕಾಕಾ ಮೊದಲು ಉತ್ತರ ಕೊಡುತ್ತಾರೆ. ಇದು ನಿಮ್ಮೊಬ್ಬರಿಗೆ ಮಾತ್ರ ಹೇಳಬೇಕಾದ ಮಾತು. ಏಳನೆಯ ಇಯತ್ತೆಯವರೆಗೆ ಓದಿದವರು ನೀವು, ಶ್ರಾವಣದಲ್ಲಿ ಓಣಿಯ ಹೆಂಗಸರನ್ನು ಕೂರಿಸಿಕೊಂಡು ಪುರಾಣ ಓದುವವರು. ನಿಮ್ಮ ಕನ್ನಡಕದ ನಂಬರು ಏರಿದೆ ಎಂದು ಪ್ರಜ್ಞಾ ಹೇಳಿದಳು, ಅದಕ್ಕೆ ಅಕ್ಷರ ದಪ್ಪಗೆ ಬರೆದಿದ್ದೇನೆ. ಸಂದೀಪ ನಾಳೆ ಮೋಟಾರು ಸುತ್ತುವ ತಂತಿ ಒಯ್ಯಲು ಇಲ್ಲಿಗೆ ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಅವನು ಬಿಚ್ಚಿ ಓದುವ ಹುಡುಗನಲ್ಲ. ಓದಿದರೂ ಓದಲಿ, ಅವನಿಗೆ ಗೊತ್ತಿಲ್ಲದ್ದು ಇದರಲ್ಲಿ ಹೆಚ್ಚೇನೂ ಇಲ್ಲ.

ಸುತ್ತಿ ಬಳಸಿ ಬರೆಯುವುದು ನನಗೆ ಬರುವುದಿಲ್ಲ. ಈ ಶನಿವಾರ ಪ್ರಜ್ಞಾಳನ್ನು ಕಳಿಸಬೇಡ ಎಂದು ಹೇಳಿ ಕಳಿಸಿದ್ದೀರಿ. ಅವಳು ಬರುತ್ತಾಳೆ.

ರವಿವಾರ ಸಂಜೆ ಸಂದೀಪ ಅವಳನ್ನು ನನ್ನ ಹೊಲಿಗೆ ಅಂಗಡಿಯ ಮುಂದೆ ಬಿಟ್ಟು, ಚಹಾ ಕುಡಿಯಲಿಕ್ಕೂ ಒಳಗೆ ಬರಲಿಲ್ಲ. ಬಸ್ಸಿನ ಟಿಕೇಟನ್ನು ಬೆರಳಿಗೆ ಸುತ್ತುತ್ತ ನಿಂತ. “ವೈನಿ, ಬರೋ ಶನಿವಾರ ಪ್ರಜ್ಞಾನ್ನ ಕಳಸಬ್ಯಾಡ್ರಿ. ಮನ್ಯಾಗ ಕೆಲಸ ಐತಿ ಅಂತ ಅವ್ವ ಹೇಳ್ಯಾಳು,” ಎಂದ. ಎಂಥ ಕೆಲಸ ಎಂದು ಕೇಳಿದೆ. ಆ ಹುಡುಗನಿಗೆ ಸುಳ್ಳು ಹೇಳಲು ಬರುವುದಿಲ್ಲ, ನೀವು ಕಲಿಸಿಲ್ಲ. “ಮುರಗೋಡದವರು ಮನಿ ನೋಡಾಕ ಬರಾಕತ್ತಾರ್ರಿ. ಕೂಸು ಅವರ ಕಣ್ಣಿಗೆ ಬೀಳಬಾರದು ಅಂತ ಹಣಮಂತಪ್ಪ ಕಾಕಾ ಅಂದಾನ್ರಿ. ಇನ್ನ ಮ್ಯಾಲೂ ಬರೂದು ಹೋಗೂದು ಇರಬಾರದಂತ. ಹೆಣ್ಣಿನವರ ಕರಾರ ಐತಂತ,” ಎಂದು ನೆಲ ನೋಡಿಕೊಂಡೇ ಹೇಳಿ ಹೋದ.

ನಿಮ್ಮ ಮಗ ಇನ್ನೊಂದು ಮದುವೆಯಾಗುವ ಸುದ್ದಿ ನನಗೆ ಹೊಸದಲ್ಲ. ದೀಪಾವಳಿಯ ಹೊತ್ತಿಗೇ ಕಿವಿಗೆ ಬಿದ್ದಿತ್ತು. ಗಂಡ ತೀರಿಕೊಂಡ ಹುಡುಗಿ, ಮಹಾನಂದಾ ಎಂದು ಹೆಸರು, ಅಂಗನವಾಡಿಯಲ್ಲಿ ಕಲಿಸುತ್ತಾಳೆ, ಡಿಸೆಂಬರ್‌ನಲ್ಲಿ ಅಕ್ಕಿಕಾಳು ಹಾಕಿ ಮದುವೆ. ಕೇಳಿದಾಗ ಏನೂ ಅನಿಸಲಿಲ್ಲ ಎಂದು ಬರೆದರೆ ನೀವು ನಂಬುವುದಿಲ್ಲ. ಆ ದಿನ ಒಂದು ರವಿಕೆಯ ತೋಳನ್ನು ಹಿಂದುಮುಂದಾಗಿ ಹೊಲಿದು, ಬಿಚ್ಚಿ, ಮತ್ತೆ ಹಾಗೆಯೇ ಹೊಲಿದೆ. ಎರಡು ದಿನಕ್ಕೆ ಆ ಸಂಕಟ ತಣ್ಣಗಾಯಿತು. ನಿಮ್ಮ ಮಗ ಸಿಟ್ಟು ಬಂದರೆ ಮಾತು ಬಿಡುವವರು, ನಾನು ಸಿಟ್ಟು ಬಂದರೆ ಮಾತು ನಿಲ್ಲಿಸದವಳು. ಇಬ್ಬರೂ ಕೆಟ್ಟವರಲ್ಲ, ಒಂದೇ ಸೂರಿನಡಿ ಹೊಂದಲಿಲ್ಲ ಅಷ್ಟೆ. ಅವರಿಗೆ ಒಂದು ಸಂಸಾರವಾಗಲಿ, ನಿಮಗೆ ಒಲೆಯ ಮುಂದಿನ ದುಡಿತ ಕಡಿಮೆಯಾಗಲಿ. ಇದನ್ನು ನಾನು ಹಲ್ಲು ಕಚ್ಚಿಕೊಂಡು ಬರೆಯುತ್ತಿಲ್ಲ.

ಆದರೆ ಆ ಮದುವೆಗೆ ಪ್ರಜ್ಞಾಳ ಶನಿವಾರಗಳನ್ನು ಕೊಡಬೇಕು ಎಂದರೆ ನಾನು ಒಪ್ಪುವುದಿಲ್ಲ.

ಆ ಶನಿವಾರಗಳನ್ನು ಸ್ವಲ್ಪ ನೆನೆಸಿಕೊಳ್ಳಿ. ಮುಂಜಾನೆಯ ಸಾಲೆ ಬಿಟ್ಟ ಕೂಡಲೇ ಬಂದು, ಚೀಲ ಬೆನ್ನಿಗೇರಿಸಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಡುತ್ತಾಳೆ. ಉಣ್ಣು ಎಂದರೆ ಆಯಿಯ ಮನೆಯಲ್ಲಿ ಉಣ್ಣುತ್ತೇನೆ ಎನ್ನುತ್ತಾಳೆ. ಕಟಕೋಳ ತಲುಪುವವರೆಗೆ ಹಸಿವು ತಾಳುವುದಿಲ್ಲವೆಂದು ನನಗೂ ಗೊತ್ತು, ಯರಗಟ್ಟಿಯಲ್ಲಿ ಬಸ್ಸು ಬದಲಿಸುವಾಗ ಸಂದೀಪ ಗಿರಮಿಟ್ಟು ಕೊಡಿಸುತ್ತಾನೆಂದು ಅವಳಿಗೂ ಗೊತ್ತು. ಕಿತ್ತೂರಿನ ನಮ್ಮಕ್ಕ ಕೋಟೆ ನೋಡಲು ಬಾ, ನಿನ್ನ ಓರಗೆಯ ಹುಡುಗರಿದ್ದಾರೆ ಎಂದು ಎಷ್ಟು ಸಲ ಕರೆದಳು. ಶನಿವಾರ ಬಿಟ್ಟು ಯಾವ ದಿನವಾದರೂ ಬರುತ್ತೇನೆ ಎಂದು ಈ ಆರು ವರ್ಷದವಳು ಸಾಹುಕಾರರಂತೆ ಹೇಳಿ ಕಳಿಸಿದಳು.

ನವಿಲುತೀರ್ಥದ ಆಣೆಕಟ್ಟು ನೋಡಿ ಬಂದ ವಾರವಂತೂ ನನಗೆ ನಿದ್ದೆಯೇ ಇಲ್ಲ. ಅವಳಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗೇಟು ಹೇಗೆ ಏಳುತ್ತದೆ, ನೀರು ಎಲ್ಲಿಗೆ ಹೋಗುತ್ತದೆ, ಅದರಿಂದ ಮೋಟಾರು ಹೇಗೆ ತಿರುಗುತ್ತದೆ ಎಂದು ಎಲ್ಲವನ್ನೂ ಬಿಡಿಸಿ ಹೇಳಿದರಂತೆ. ಅದನ್ನೆಲ್ಲ ಇವಳು ನನಗೆ ಎರಡೆರಡು ಸಲ ಹೇಳಿದಳು. ನಿಮ್ಮ ಮಗ ಅಷ್ಟು ಮಾತನ್ನು ನನ್ನೊಡನೆ ಒಂದು ವರ್ಷದಲ್ಲಿ ಆಡಿದ್ದು ನೆನಪಿಲ್ಲ. ಮಗಳ ಮುಂದೆಯಾದರೂ ಆ ಮನುಷ್ಯನ ಬಾಯಿ ತೆರೆಯುತ್ತದಲ್ಲ ಎಂದು ನಾನು ಸುಮ್ಮನೆ ಕೇಳಿದೆ. ಆ ಬಾಯಿಯನ್ನು ಮತ್ತೆ ಮುಚ್ಚಿಸಬೇಡಿ.

ಸಿರಸಂಗಿಯ ಕಾಳಮ್ಮನ ಗುಡಿಗೆ ನೀವು ಕರೆದುಕೊಂಡು ಹೋದದ್ದು ನಿಮಗೆ ನೆನಪಿರಬಹುದು. ಹೂವು ಮಾರುವ ಮುದುಕಿ ಇದು ಯಾರ ಕೂಸು ಎಂದು ಕೇಳಿದಳಂತೆ. ನೀವು, “ನನ್ನ ಮೊಮ್ಮಗಳರೀ, ಕಲ್ಮೇಶನ ಮಗಳು,” ಎಂದಿರಂತೆ. ಇಷ್ಟೇ ಮಾತು. ಮನೆಗೆ ಬಂದು ಗೊಂಬೆಗೆ ಹೇಳಿದಳು, ನಮ್ಮಪ್ಪನಿಗೆ ಹೇಳಿದಳು, ಅಂಗಡಿಗೆ ಗುಂಡಿ ಕೊಡಲು ಬರುವ ಜಹೀರನನ್ನು ನಿಲ್ಲಿಸಿಕೊಂಡು ಹೇಳಿದಳು. ತಂದೆ ತಾಯಿ ಬೇರೆ ಬೇರೆ ಊರಲ್ಲಿರುವ ಕೂಸಿಗೆ ತಾನು ಯಾರವಳು ಎಂದು ಒಬ್ಬರು ಗಟ್ಟಿಯಾಗಿ ಹೇಳಿದರೆ ಎಷ್ಟು ನೆಮ್ಮದಿ ಎಂಬುದು ನನಗೆ ಅವತ್ತು ತಿಳಿಯಿತು.

ದೀಪಾವಳಿ ಪಾಡ್ಯದ ದಿನ ಅವಳು ನಿಮ್ಮಲ್ಲಿಯೇ ಇದ್ದಳು. ಅಪ್ಪನಿಗೂ ಸಂದೀಪ ಕಾಕಾನಿಗೂ ಆರತಿ ಮಾಡಿದಳು. ಆ ಮನೆಯಲ್ಲಿ ಆರತಿ ಎತ್ತುವ ಹೆಣ್ಣುಮಕ್ಕಳು ಇಲ್ಲ ಎಂದು ನೀವು ಪ್ರತಿ ವರ್ಷ ಕೊರಗುತ್ತಿದ್ದಿರಿ. ತಟ್ಟೆ ಇವಳಿಗೆ ಭಾರವಾಗಿ ನೀವು ಕೆಳಗಿನಿಂದ ಕೈ ಕೊಟ್ಟಿರಂತೆ. ಅಪ್ಪ ಕಣ್ಣು ಒರೆಸಿಕೊಂಡ, ದೀಪದ ಹೊಗೆ ಹೋಯಿತು ಎಂದ, ಎಂದು ಹೇಳಿದಳು. ಆಗಲೇ ಮುರಗೋಡದ ಮಾತುಕತೆ ನಡೆದಿತ್ತಲ್ಲವೇ ಅತ್ತೀ. ಹೊಗೆಯಲ್ಲ ಎಂದು ನನಗೆ ಈಗ ಅರ್ಥವಾಗುತ್ತದೆ.

ಈಗ ಹೋದ ರವಿವಾರದ ಮಾತಿಗೆ ಬರುತ್ತೇನೆ.

ಪ್ರತಿ ರವಿವಾರ ಸಂಜೆ ಹೊರಡುವಾಗ ನೀವು ಅವಳ ಉಡಿ ತುಂಬುತ್ತೀರಿ. ಹೆಣ್ಣುಕೂಸು ಬರಿದಾಗಿ ಹೊಸ್ತಿಲು ದಾಟಬಾರದು ಎಂದು ಒಂದು ಹಿಡಿ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಬೆಲ್ಲದ ಹೆಂಟೆ. ಬೆಲ್ಲ ಯರಗಟ್ಟಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ, ಕೊಬ್ಬರಿಗೆ ಹಲ್ಲಿನ ಗುರುತು ಬಿದ್ದಿರುತ್ತದೆ, ಅಕ್ಕಿ ಮಾತ್ರ ನನ್ನ ಡಬ್ಬಿ ಸೇರುತ್ತದೆ. ನಮ್ಮವ್ವ ನಗುತ್ತಾಳೆ, ನಿಮ್ಮತ್ತೆ ವಾರಕ್ಕೊಮ್ಮೆ ರೇಷನ್ ಕಳಿಸುತ್ತಾಳೆ ಎಂದು.

ಈ ರವಿವಾರ ಕೂಸು ಎರಡೂ ಕೈಯಿಂದ ಉಡಿ ಹಿಡಿದುಕೊಂಡು ಬಂದಿತು. ಹಾಸಿಗೆಯ ಮೇಲೆ ಸುರಿದು ಅಂಗಡಿ ಆಟ ಹೂಡಿದಳು. ನಾನು ಮಷಿನ್ ಬಿಟ್ಟು ಎದ್ದು ಬಂದು ನೋಡಿದೆ. ಸೇರಿನಷ್ಟು ಅಕ್ಕಿ, ಇಡೀ ತೆಂಗಿನಕಾಯಿ, ಅರಿಷಿಣದ ಬೇರು, ಉತ್ತತ್ತಿ, ಅಡಿಕೆ, ಹಸಿರು ಬಳೆ, ಗುಳೇದಗುಡ್ಡದ ಕೆಂಪು ಖಣ, ಹೊಸ ಬೆಳ್ಳಿಯ ಕಾಲ್ಗೆಜ್ಜೆ. ಇನ್ನೊಂದು ಚೀಲದಲ್ಲಿ ಅಲ್ಲಿ ಅವಳು ಉಣ್ಣುವ ತಟ್ಟೆ, ಅವಳ ಚಪ್ಪಲಿ, ನಿಮ್ಮ ಹಳೆಯ ಸೀರೆಗಳನ್ನು ಸೇರಿಸಿ ನೀವು ಹೊಲಿದ ಕೌದಿ. ಅವುಗಳ ನಡುವೆ ಕೂತುಬಿಟ್ಟೆ. ವಾರಕ್ಕೊಮ್ಮೆ ಬಂದು ಹೋಗುವ ಮೊಮ್ಮಗಳಿಗೆ ತುಂಬುವ ಉಡಿ ಅದಲ್ಲ. ಹೀಗೆ ಉಡಿ ತುಂಬುವುದು ಮನೆ ಬಿಟ್ಟು ಹೋಗುವವಳಿಗೆ. ನನಗೆ ಗುರುತು ಸಿಗದೇ ಇರುತ್ತದೆಯೇ. ನಾನು ಆ ಮನೆಯಿಂದ ಕೊನೆಯ ಸಲ ಹೊರಟಾಗ, ಎಲ್ಲರೂ ಮುಖ ತಿರುಗಿಸಿ ನಿಂತಿದ್ದಾಗ, ಅಡುಗೆಮನೆಯಿಂದ ಬಂದು ಹೀಗೆಯೇ ನನ್ನ ಉಡಿ ತುಂಬಿದವರು ನೀವೊಬ್ಬರೇ.

“ಪಡಸಾಲಿಗೆ ಸುಣ್ಣ ಹಚ್ಚ್ಯಾರ, ನಾ ಬರದಿದ್ದ ಬಸ್ಸು ಹೋತು,” ಎಂದು ಪ್ರಜ್ಞಾ ಆಟದ ನಡುವೆ ಹೇಳಿದಳು. ಇದ್ದಲಿನಿಂದ ಗೋಡೆಯ ಮೇಲೆ ಬರೆದ ಆ ಬಸ್ಸನ್ನು ನೀವು ಇಷ್ಟು ದಿನ ಯಾರಿಗೂ ಅಳಿಸಲು ಬಿಟ್ಟಿರಲಿಲ್ಲ. ಮತ್ತೆ ಹೇಳಿದಳು, “ಆಯಿ ಅಳಾಕತ್ತಿದ್ದಳು. ಕಣ್ಣಾಗ ಖಾರ ಹೋಗೈತಿ ಅಂದ್ಲು. ಖಾರ ಎಲ್ಲಿ ಇತ್ತವಾ, ಒಲಿ ಮ್ಯಾಲ ಹಾಲ ಇತ್ತು.” ಅವಳ ಅಂಗಡಿಯಿಂದ ಒಂದು ಉತ್ತತ್ತಿ ಕೊಂಡು ಬಾಯಿಗೆ ಹಾಕಿಕೊಂಡೆ.

ಅವತ್ತೇ ಅಕ್ಕನಿಗೆ ಫೋನು ಹಚ್ಚಿದೆ. ಅವಳಿಗೆ ಸಮಾಧಾನವೇ ಆಯಿತು. “ತಾವಾಗೇ ಬಿಟ್ಟಾರಲ್ಲ, ಛಲೋ ಆತು ಬಿಡ. ವಾರ ವಾರ ಕೂಸಿನ ಎಳದಾಟ ತಪ್ಪತು. ಇನ್ನ ಕಿತ್ತೂರಿಗೆ ಕಳಸು,” ಎಂದಳು. ಅಕ್ಕನ ಮಾತಿನಲ್ಲಿ ಅರ್ಥವಿಲ್ಲವೆಂದಲ್ಲ. ಬಿಟ್ಟುಬಿಡುವುದು ನನಗೆ ಸುಲಭ. ಶನಿವಾರ ಸಂಜೆ ಕೂಸಿಲ್ಲದ ಮನೆಯಲ್ಲಿ ಕೂತು ರವಿಕೆಗಳಿಗೆ ಕಾಜು ಗುಂಡಿ ಹಾಕುವುದು ತಪ್ಪುತ್ತದೆ. ರವಿವಾರ ಬಸ್ಸು ತಡವಾದರೆ ರಸ್ತೆ ನೋಡುವುದು ತಪ್ಪುತ್ತದೆ. ಕೂಸು ಪೂರ್ತಿ ನನ್ನದಾಗುತ್ತದೆ. ಒಂದು ರಾತ್ರಿ ಆ ಆಸೆಯೂ ಬಂತು, ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ಆದರೆ ದೊಡ್ಡವಳಾದ ಮೇಲೆ ಅವಳು ಬಂದು ನನ್ನನ್ನು ಕೇಳುತ್ತಾಳೆ, ನನ್ನ ಆಯಿ ಯಾಕೆ ಕರೆಯುವುದು ಬಿಟ್ಟಳು ಎಂದು. ಅದಕ್ಕೆ ನಾನು ಕೊಡುವ ಉತ್ತರ ನಿಮ್ಮನ್ನು ಸಣ್ಣವರನ್ನಾಗಿ ಮಾಡುತ್ತದೆ. ಅಂಥ ಉತ್ತರ ಕೊಡಲು ನನಗೆ ಇಷ್ಟವಿಲ್ಲ.

ಉಡಿಯನ್ನು ತಿರುಗಿ ಕಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಆದ್ದರಿಂದ ಅಕ್ಕಿಯನ್ನು ಹುಗ್ಗಿ ಮಾಡಿ ಓಣಿಗೆಲ್ಲ ಹಂಚಿದೆ, ಕಾಯಿ ಚಟ್ನಿಗೆ ಹೋಯಿತು. ಖಣದಲ್ಲಿ ಪ್ರಜ್ಞಾಳಿಗೆ ಪರಕಾರ ಪೋಲಕ ಹೊಲಿಯುತ್ತಿದ್ದೇನೆ, ಬೆಳೆಯುವ ಕೂಸೆಂದು ಒಳಗೆ ಬಟ್ಟೆ ಬಿಟ್ಟಿದ್ದೇನೆ. ಶನಿವಾರ ಅದನ್ನೇ ತೊಟ್ಟುಕೊಂಡು, ಗೆಜ್ಜೆ ಹಾಕಿಕೊಂಡು ಬರುತ್ತಾಳೆ. ತಟ್ಟೆ, ಚಪ್ಪಲಿ, ಕೌದಿ ಉಡಿಯಲ್ಲ. ಅವು ಆ ಮನೆಯವು, ಅವಳ ಜೊತೆಗೇ ವಾಪಸು ಬರುತ್ತವೆ.

ಹಣಮಂತಪ್ಪ ಕಾಕಾ ಏನು ಹೇಳುತ್ತಾರೆಂದು ನನಗೆ ಗೊತ್ತು. ಮಾವ ಹೋದ ಮೇಲೆ ಮನೆಯ ಹಿರಿಯರು ಅವರೇ, ಈ ಸಂಬಂಧ ತಂದವರೂ ಅವರೇ. ಹೆಣ್ಣಿನವರು ಗಂಡಿನವರು ಸಕ್ಕರೆ ಹಂಚಿ ಮಾತು ಗಟ್ಟಿಯಾಗುವವರೆಗೆ ನೇರವಾಗಿ ಮಾತಾಡಬಾರದು, ಏನಿದ್ದರೂ ನಡುವಿನವರ ಬಾಯಿಂದಲೇ ಹೋಗಬೇಕು ಎಂಬುದು ನಮ್ಮ ಮರ್ಯಾದೆ. ನನ್ನ ಮದುವೆಯಲ್ಲೂ ಹಾಗೆಯೇ ಆಗಿತ್ತು. ಹುಡುಗ ಬಹಳ ಮಾತುಗಾರ ಎಂದು ನಮ್ಮಪ್ಪನಿಗೆ ಹೇಳಿದವರು ಇದೇ ಕಾಕಾ. ಅವರು ಕೆಟ್ಟ ಮನಸ್ಸಿನವರಲ್ಲ. ಹೊಲದ ಬದುವಿನಲ್ಲಿ ಏನು ಬೆಳೆದರೂ ಕಿತ್ತು ಸಾಪು ಮಾಡುವ ಅಭ್ಯಾಸ, ಮನೆಗಳ ವಿಷಯದಲ್ಲೂ ಅದನ್ನೇ ಮಾಡುತ್ತಾರೆ. ಆದರೆ ಪ್ರಜ್ಞಾ ಕಸವಲ್ಲ.

ಸಂಬಂಧ ಮುರಿದರೆ ಹೇಗೆ ಎಂಬ ಹೆದರಿಕೆ ನಿಮ್ಮದು. ನಿಮ್ಮ ಮಗನ ವಯಸ್ಸು, ಮೊದಲ ಮದುವೆ ಬಿಟ್ಟವನೆಂಬ ಮಾತು, ಇದೆಲ್ಲ ಸೇರಿ ನಿಮ್ಮನ್ನು ಮೆತ್ತಗೆ ಮಾಡಿದೆ. ನೀವು ಮೆತ್ತಗಾಗುವ ಹೆಂಗಸಲ್ಲ. ನನಗೆ ಬಾಣಂತನದಲ್ಲಿ ಜ್ವರ ಏರಿದಾಗ, ಮುಂಜಾನೆ ಹೋದರಾಯಿತು ಎಂದು ಗಂಡಸರೆಲ್ಲ ಅನ್ನುತ್ತಿದ್ದಾಗ, ಟ್ರ್ಯಾಕ್ಟರ್‌ನಲ್ಲಿ ಹುಲ್ಲು ಹಾಸಿ ನನ್ನನ್ನು ರಾಮದುರ್ಗಕ್ಕೆ ಒಯ್ದವರು ನೀವು. ನಾನು ಇವತ್ತು ಇಷ್ಟು ಗಟ್ಟಿಯಾಗಿ ಬರೆಯುತ್ತಿದ್ದರೆ ಅದು ನಿಮ್ಮನ್ನು ನೋಡಿ ಕಲಿತದ್ದು.

ನಾನು ಕೇಳುವುದು ದೊಡ್ಡದೇನಲ್ಲ. ಕೋರ್ಟಿಗೆ ಹೋಗುವುದಿಲ್ಲ, ಪಂಚರನ್ನು ಕೂಡಿಸುವುದಿಲ್ಲ, ಮದುವೆಯ ದಿನ ಬಂದು ರಂಪ ಮಾಡುವುದಿಲ್ಲ. ನಾನು ಕಟಕೋಳಕ್ಕೆ ಕಾಲೇ ಇಡುವುದಿಲ್ಲ. ಶನಿವಾರ ಮುರಗೋಡದವರು ಪಡಸಾಲೆಯಲ್ಲಿ ಕೂತಿದ್ದಾಗ ಪ್ರಜ್ಞಾ ಎಂದಿನಂತೆ ಒಳಗೆ ಓಡಿ ಬರಬೇಕು. ಇದು ಯಾರ ಕೂಸು ಎಂದು ಅವರು ಕೇಳಿದರೆ, ಸಿರಸಂಗಿಯ ಹೂವಿನವಳಿಗೆ ನೀವು ಹೇಳಿದ ಮಾತನ್ನೇ ಅವರಿಗೂ ಹೇಳಬೇಕು. ಅಷ್ಟನ್ನು ಹೇಳಿದರೆ ಮುರಿಯುವ ಸಂಬಂಧ ಆಮೇಲೆ ಎಷ್ಟು ದಿನ ಬಾಳುತ್ತದೆ, ನೀವೇ ಯೋಚಿಸಿ. ಮಗಳನ್ನು ಮುಚ್ಚಿಟ್ಟು ಮದುವೆಯಾದವನನ್ನು ಬರುವ ಹೆಂಡತಿ ಯಾವ ಧೈರ್ಯದಿಂದ ನಂಬಬೇಕು.

ನಿಮ್ಮ ಮಗನಿಗೂ ಈ ಪತ್ರ ತೋರಿಸಿ ಎಂದು ನಾನು ಹೇಳುವುದಿಲ್ಲ, ತೋರಿಸಬೇಡಿ ಎಂದೂ ಹೇಳುವುದಿಲ್ಲ. ಕಾಕಾನ ಮಾತಿಗೆ ಅವರು ಏನೂ ಅನ್ನಲಿಲ್ಲ, ಹೌದಲ್ಲವೇ. ಅನ್ನುವುದಿಲ್ಲ. ಒಳಗೆ ಮೋಟಾರು ಸುಟ್ಟ ವಾಸನೆ ಬರುವವರೆಗೂ ಸುಮ್ಮನಿರುವ ಮನುಷ್ಯ. ಅದಕ್ಕೇ ನಾನು ನಿಮಗೆ ಬರೆಯುತ್ತಿದ್ದೇನೆ, ಅವರಿಗಲ್ಲ.

ಶನಿವಾರ ಕರೆಯಲು ಸಂದೀಪನನ್ನು ಕಳಿಸಬೇಡಿ. ಅವಳು ಬರುವ ವ್ಯವಸ್ಥೆ ನಾನು ಮಾಡಿದ್ದೇನೆ. ರವಿವಾರ ಎಂದಿನಂತೆ ಅವನೇ ತಂದು ಬಿಡಲಿ, ಅವತ್ತಾದರೂ ಒಳಗೆ ಬಂದು ಚಹಾ ಕುಡಿಯಲಿ. ನೀವು ಅಡುಗೆಗೆ ಮಾದಲಿ ಮಾಡುತ್ತೀರೆಂದು ಊಹೆ. ಅವಳಿಗೆ ತುಪ್ಪ ಕಡಿಮೆ ಹಾಕಿ, ಹಾಲು ಜಾಸ್ತಿ. ಗದರಿದರೂ ಪರವಾಗಿಲ್ಲ, ಹೊರಗೆ ಆಡಿ ಬಂದರೆ ಕಾಲು ತೊಳೆಯದೆ ಒಳಗೆ ಬಿಡಬೇಡಿ. ಮುಂದಿನ ಹಲ್ಲು ಅಲುಗಾಡುತ್ತಿದೆ, ಕಬ್ಬು ಕೊಟ್ಟರೆ ಅಲ್ಲಿಯೇ ಬೀಳುತ್ತದೆ.

ಮೊಣಕಾಲಿಗೆ ಎಣ್ಣೆ ಬಿಡಬೇಡಿ. ಈ ಚಳಿಯಲ್ಲಿ ಮುಂಜಾನೆ ಹಿತ್ತಲಿಗೆ ಬರಿಗಾಲಲ್ಲಿ ಹೋಗಬೇಡಿ.

ಯಾವ ಕಾಗದದಿಂದಲೂ ಬಿಡುಗಡೆಯಾಗದ ನಿಮ್ಮ ಸೊಸೆ,
ಮಧು

ಮರೆತದ್ದಲ್ಲ, ಬೇಕೆಂದೇ ಕೊನೆಗೆ ಉಳಿಸಿಕೊಂಡ ಮಾತು ಒಂದಿದೆ. ಇದನ್ನು ಮೊದಲೇ ಬರೆದಿದ್ದರೆ ನೀವು ನಿಟ್ಟುಸಿರು ಬಿಟ್ಟು ಮೇಲಿನದನ್ನು ಓದುತ್ತಲೇ ಇರಲಿಲ್ಲ. ಪ್ರಜ್ಞಾಳ ಪಾಲಿನ ಮಾತನ್ನು ನೀವು ಅವಳಿಗಾಗಿಯೇ ಕೇಳಬೇಕಿತ್ತು, ಅದಕ್ಕೆ ಹಿಂದೆ ಇಟ್ಟೆ.

ನಿನ್ನೆ ಸಂಜೆ, ಪ್ರಜ್ಞಾ ಸಾಲೆಯಿಂದ ಬಂದ ಹೊತ್ತಿಗೆ, ಒಬ್ಬ ಹೆಂಗಸು ಮೂರು ವರ್ಷದ ಮಗಳನ್ನು ಕರೆದುಕೊಂಡು ರವಿಕೆ ಹೊಲಿಸಲು ಅಂಗಡಿಗೆ ಬಂದಳು. ಮದುವೆಯ ರವಿಕೆ. ಭುಜದ ಅಳತೆ ಹಿಡಿಯುತ್ತಿದ್ದಾಗ, “ನೀವ ಪ್ರಜ್ಞಾನ ಅವ್ವಾರೇನ್ರಿ?” ಎಂದಳು. ಟೇಪು ನನ್ನ ಕೈಯಲ್ಲೇ ಉಳಿಯಿತು. ಮುರಗೋಡದ ಮಹಾನಂದಾ. ನಾನು ಸುತ್ತಿ ಬಳಸದೆ ಕೇಳಿಬಿಟ್ಟೆ, ನನ್ನ ಮಗಳು ನಿನಗೆ ಏನು ಮಾಡಿದ್ದಳು, ಅವಳು ಆ ಮನೆಗೆ ಬರಬಾರದು ಎಂದು ಯಾಕೆ ಕರಾರು ಹಾಕಿದೆ ಎಂದು. ಅವಳು ನನ್ನ ಮುಖವನ್ನೇ ನೋಡಿದಳು. “ಅಂಥ ಮಾತು ನಾವು ಯಾರೂ ಅಂದಿಲ್ರಿ ಅಕ್ಕಾರ. ನನ್ನ ಭೂಮಿಕಾ ಜೋಡಿ ಬರಬಾರದು, ಇಂಥಾಕಿ ಅದಾಳ ಅನ್ನೋದೂ ಗೊತ್ತಾಗಬಾರದು ಅಂತ ಕಟಕೋಳದವರ ಅಂದಾರಂತ. ಹಣಮಂತಪ್ಪನವರು ಹೇಳ್ಯಾರು. ಇಕಿನ್ನ ತವರಾಗ ಬಿಟ್ಟು ಬದುಕತೀನೋ ಇಲ್ಲೋ, ಮದಿವಿನ ಬ್ಯಾಡ ಅನ್ನಲೋ ಅಂತ ಕೇಳಾಕ ನಿಮ್ಮ ಹಂತ್ಯಾಕ ಬಂದೇನಿ. ಆ ಮನಿ ಮಂದಿ ಎಂಥಾವರು ಅಂತ ನಿಮಗಷ್ಟ ಗೊತ್ತು,” ಎಂದಳು.

ನೀವು ಅಂಥ ಮಾತು ಅಂದಿಲ್ಲ, ಎರಡೂ ಕರಾರು ಕಾಕಾನವೇ. ಕೇಳುವ ಅಗತ್ಯವೇ ನನಗೆ ಬೀಳಲಿಲ್ಲ. ಭೂಮಿಕಾ ಎಂಬ ಕೂಸು ಇರುವುದೇ ನಿಮಗೆ ಈ ಸಾಲು ಓದುವಾಗ ಗೊತ್ತಾಗುತ್ತಿದೆ. ನಾನು ಮಹಾನಂದಾಳಿಗೆ ಹೇಳಿದೆ, ಆ ಮನೆಯ ಅತ್ತೆ ಎಂಥವಳೆಂದು ನಾನು ಬಲ್ಲೆ, ಮದುವೆಯಾಗು, ಮಗಳನ್ನು ಕರೆದುಕೊಂಡು ಹೋಗು ಎಂದು. ಇಬ್ಬರೂ ಅತ್ತೆವು. ಆಮೇಲೆ ಚಹಾ ಕುಡಿದೆವು. ರವಿಕೆ ಶುಕ್ರವಾರ ಕೊಡುತ್ತೇನೆ, ತೋಳಿನ ಅಂಚಿನ ಕಸೂತಿ ನನ್ನ ಕೈಯದು.

ಮನೆ ನೋಡಲು ಮದುವೆಯ ಹುಡುಗಿಯೇ ಬರುವಂತಿಲ್ಲ. ಅವಳ ಅಣ್ಣ ಮಹಾದೇವ ಮತ್ತು ತಾಯಿ ಬರುತ್ತಾರೆ. ಭೂಮಿಕಾಳನ್ನು ಕರೆದುಕೊಂಡು ಹೋಗದಿದ್ದರೆ ಮನೆ ನೋಡುವುದೇ ಬೇಡ ಎಂದು ಅವಳು ನಿನ್ನೆ ರಾತ್ರಿ ಅವರಿಗೆ ಹೇಳಿ ಒಪ್ಪಿಸಿದ್ದಾಳೆ, ಇವತ್ತು ಮುಂಜಾನೆ ಫೋನು ಮಾಡಿದ್ದಳು. ಶನಿವಾರ ಮುಂಜಾನೆ ನಾನೇ ಪ್ರಜ್ಞಾಳನ್ನು ಮುರಗೋಡಕ್ಕೆ ಒಯ್ದು ಅವರ ಗಾಡಿ ಹತ್ತಿಸುತ್ತೇನೆ. ಒಂದು ದಿನ ಸಾಲೆ ತಪ್ಪಿದರೆ ಏನೂ ಆಗುವುದಿಲ್ಲ. ಕಾಕಾನಿಗೆ ಮೊದಲೇ ಹೇಳಬೇಡಿ.

ಭೂಮಿಕಾ ಹೊಸಬರನ್ನು ಕಂಡರೆ ಅಳುತ್ತಾಳಂತೆ. ನಿನ್ನೆ ಇಬ್ಬರೂ ಗುಂಡಿಯ ಡಬ್ಬಿ ಸುರಿದುಕೊಂಡು ಆಡುವಾಗ ಪ್ರಜ್ಞಾ ಅವಳಿಗೆ ಹೇಳುತ್ತಿದ್ದಳು: “ಗಾಡಿ ಇಳದ ಮ್ಯಾಲ ಅಳಬ್ಯಾಡ. ಬಾಗಲದಾಗ ಒಬ್ಬಾಕಿ ನಿಂತಿರತಾಳ ನೋಡ, ಆಕಿ ನಮ್ಮ ಆಯಿ.”

ಬಾಗಿಲಲ್ಲಿ ನಿಂತಿರಿ, ಅತ್ತೀ.